ಮಾರಿಕುಪ್ಪಂ ರೈಲಿನಲ್ಲಿ ಜೋಲಾನ ಗಣಿ

ದೊಡ್ಡ ಕಾದಂಬರಿಯೊಂದನ್ನು ಕುರಿತು ಮಾತನಾಡುವವರು ಅದನ್ನು ಪೂರ್ತಿ ಓದಿ ಮುಗಿಸಿರಬೇಕೆಂಬುದು ಸಂಪ್ರದಾಯ. ಪಾಯಸ ಬಡಿಸುವ ಮುನ್ನವೇ ಅಡಿಗೆಯ ಗುಣದೋಷಗಳನ್ನು ಎಣಿಸಲು ತೊಡಗುವ ಅತಿಥಿಯನ್ನು ಯಾರೂ ಮೆಚ್ಚುವುದಿಲ್ಲ. ಹೀಗಿದ್ದರೂ ನಾನು ಇಂದು ಮಾತನಾಡಹೊರಟಿರುವುದು ಅರ್ಧಕ್ಕೆ ಬಂದು ನಿಂತಿರುವ ಓದನ್ನು ಕುರಿತು. ಪುಸ್ತಕ ಎಮಿಲ್ ಜೋಲಾನ ‘ಜೆರ್ಮಿನಾಲ್’. ಏಳು ಭಾಗಗಳಲ್ಲಿ ನಾಲ್ಕು ಮುಗಿದಿವೆ, ಮೂರು ಉಳಿದಿವೆ. ಓದುತ್ತಿರುವುದು ಇಂಗ್ಲಿಷ್ ಅನುವಾದದಲ್ಲಿ. ಓದುತ್ತಿರುವ ಸ್ಥಳ, ಮಾರಿಕುಪ್ಪಂನಿಂದ ಬೆಳಕು ಹರಿಯುವ ಮುನ್ನ ಹೊರಡುವ ಬೆಂಗಳೂರಿನ ರೈಲು.

ಸ್ಥಳವನ್ನು ಹೇಳಿದ್ದು ವೃಥಾ ಅಲ್ಲ. ಈ ಕಾದಂಬರಿ ಗಣಿಗಾರರ ಕಥೆ; ಈ ರೈಲು ಹುಟ್ಟಿದ್ದು ಗಣಿಗಾಗಿ. ಬಂಗಾರಪೇಟೆಯಿಂದ ಕವಲೊಡೆದು ಸುಮಾರು ಹದಿನಾರು ಕಿಲೋಮೀಟರು ಓಡಿ ಮಾರಿಕುಪ್ಪಂನಲ್ಲಿ ಕೊನೆಗಾಣುವ ಈ ಹಳಿಯನ್ನು 1894ರಲ್ಲಿ ತೆರೆದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಹಳಿ ಉಳಿಯಿತು. ಒಂದು ಕಾಲಕ್ಕೆ ಗಣಿಗೆ ಜನರನ್ನೂ ಸರಕನ್ನೂ ತಂದ ರೈಲು ಈಗ ಗಣಿಗಾರರ ಮಕ್ಕಳು ಮೊಮ್ಮಕ್ಕಳನ್ನು ಪ್ರತಿದಿನ ಮುಂಜಾನೆ ಬೆಂಗಳೂರಿನ ಕಾರ್ಖಾನೆಗಳಿಗೂ ಅಂಗಡಿಗಳಿಗೂ ಕಚೇರಿಗಳಿಗೂ ಒಯ್ದು, ರಾತ್ರಿ ಹಿಂದಕ್ಕೆ ತರುತ್ತದೆ. ಅವರ ನಡುವೆ ಕುಳಿತು ಈ ಪುಸ್ತಕವನ್ನು ತೆರೆದವನಿಗೆ, ಫ್ರಾನ್ಸು ದೂರವೆನಿಸುವುದು ಕಷ್ಟ.

ಮೊದಲು ಹೆಸರಿನ ಅರ್ಥವನ್ನು ಹೇಳಿಬಿಡುತ್ತೇನೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಹಳೆಯ ಪಂಚಾಂಗವನ್ನು ಬದಿಗೊತ್ತಿ, ತಿಂಗಳುಗಳಿಗೆ ಋತುಧರ್ಮವನ್ನು ಅನುಸರಿಸಿ ಹೊಸ ಹೆಸರುಗಳನ್ನಿಟ್ಟರು. ಅವುಗಳಲ್ಲಿ ಏಳನೆಯದು ಜೆರ್ಮಿನಾಲ್. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗಿನ ಮೊಳಕೆಯ ಮಾಸ. ನಮ್ಮ ಚೈತ್ರಕ್ಕೆ ಹತ್ತಿರದ್ದೆನ್ನಬಹುದು. ನೆಲದಡಿಯ ಕತ್ತಲಲ್ಲಿ ಬದುಕುವವರ ಕಥೆಗೆ ಚಿಗುರಿನ ತಿಂಗಳ ಹೆಸರು! ಈ ಹೆಸರು ಏಕೆಂಬುದು ನಾಲ್ಕು ಭಾಗಗಳನ್ನು ಓದಿದ ಮೇಲೂ ನನಗೆ ಪೂರ್ತಿ ತೆರೆದಿಲ್ಲ. ಇಷ್ಟರಲ್ಲಿ ಕಂಡಿರುವುದು ಚಳಿ, ಹಸಿವು, ಕತ್ತಲೆ ಮಾತ್ರ.

ಜೋಲಾ ಈ ಕಾದಂಬರಿಯನ್ನು 1885ರಲ್ಲಿ ಪ್ರಕಟಿಸಿದ. ಒಂದೇ ಮನೆತನದ ಕವಲುಗಳನ್ನು ಹಿಡಿದು ಅವನು ಬರೆದ ಇಪ್ಪತ್ತು ಕಾದಂಬರಿಗಳ ಮಾಲೆಯಲ್ಲಿ ಇದು ಹದಿಮೂರನೆಯದು. ಬರೆಯುವ ಮುನ್ನ, 1884ರ ಫೆಬ್ರವರಿಯಲ್ಲಿ, ಉತ್ತರ ಫ್ರಾನ್ಸಿನ ಆಂಜಾಂ ಕಲ್ಲಿದ್ದಲ ಪ್ರದೇಶದಲ್ಲಿ ಮುಷ್ಕರ ನಡೆಯುತ್ತಿದ್ದಾಗ ಅಲ್ಲಿಗೇ ಹೋದ, ಕೆಲಸಗಾರರ ಮನೆಗಳನ್ನು ನೋಡಿದ, ಗಣಿಯೊಳಕ್ಕೆ ಇಳಿದ, ಕಂಡದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡ. ಆದರೆ ಕಥೆಯ ಕಾಲ ಅದಕ್ಕೆ ಹಿಂದಿನದು. ಮೂರನೆಯ ನೆಪೋಲಿಯನ್ನನ ಆಳ್ವಿಕೆಯ 1860ರ ದಶಕ. ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಇಳಿಸಬಾರದೆಂಬ ಫ್ರೆಂಚ್ ಕಾನೂನು ಬಂದದ್ದು 1874ರಲ್ಲಿ. ಆದ್ದರಿಂದ ಕಾದಂಬರಿಯ ಹದಿನೈದರ ಹುಡುಗಿ ಕತ್ರೀನ್ ಗಂಡಸರ ಉಡುಪು ತೊಟ್ಟು ಕಲ್ಲಿದ್ದಲ ತೊಟ್ಟಿಗಾಡಿಯನ್ನು ಸುರಂಗದಲ್ಲಿ ತಳ್ಳುತ್ತಾಳೆ.

ಕಥೆ ಆರಂಭವಾಗುವುದು ಮಾರ್ಚ್ ತಿಂಗಳ ಒಂದು ರಾತ್ರಿಯಲ್ಲಿ. ಕೆಲಸ ಕಳೆದುಕೊಂಡ ಎತಿಯೆನ್ ಎಂಬ ಯುವಕ ಬಯಲಿನ ಕೊರೆಯುವ ಗಾಳಿಯಲ್ಲಿ ನಡೆದು ಬರುತ್ತಾನೆ. ದೂರದಲ್ಲಿ ಕೆಂಪು ಬೆಂಕಿ, ಒಂದು ಚಿಮಣಿಯ ನೆರಳು, ನೀರೆತ್ತುವ ಯಂತ್ರದ ಏದುಸಿರು. ಅದು ವೊರೋ ಗಣಿ. ಹೆಸರಿನಲ್ಲಿಯೇ ಹೊಟ್ಟೆಬಾಕತನದ ಧ್ವನಿಯಿದೆ. ಅಲ್ಲಿ ಅವನಿಗೆ ಸಿಗುವ ಮೊದಲ ಮನುಷ್ಯ ಬೊನ್‌ಮೋರ್ ಎಂಬ ಅಡ್ಡಹೆಸರಿನ ಮುದುಕ. ಎಂಟನೆಯ ವಯಸ್ಸಿಗೆ ಗಣಿಗೆ ಇಳಿದವನಿಗೆ ಈಗ ಐವತ್ತೆಂಟು. ಮೂರು ಸಲ ಸಾವಿನ ಬಾಯಿಂದ ಎಳೆದು ತಂದದ್ದರಿಂದ ಅವನಿಗೆ ಆ ಹೆಸರು. ಇನ್ನೆರಡು ವರ್ಷ ದುಡಿದರೆ ನೂರೈವತ್ತರ ಬದಲು ನೂರೆಂಬತ್ತು ಫ್ರಾಂಕಿನ ಪಿಂಚಣಿ ಸಿಗುವುದೆಂದು, ಕುಸಿಯುತ್ತಿರುವ ಕಾಲುಗಳನ್ನು ಎಳೆದುಕೊಂಡು ರಾತ್ರಿಪಾಳಿ ಮಾಡುತ್ತಾನೆ. ಮಾತಿನ ನಡುವೆ ಕೆಮ್ಮುತ್ತಾನೆ, ಉಗುಳಿದ್ದು ಕಪ್ಪು.

ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡಿದ್ದು ನೆನಪಿದೆ. ಗಣಿಯೂರಿನಲ್ಲಿ ಬೆಳೆದವರಿಗೆ ಆ ಕೆಮ್ಮು ಪರಿಚಿತ. ಆದರೆ ಒಂದು ವ್ಯತ್ಯಾಸವಿದೆ. ಕಲ್ಲಿದ್ದಲ ಗಣಿಗಾರನ ಎದೆಯೊಳಗೆ ಸೇರುವುದು ಅವನು ಅಗೆಯುವ ಸರಕೇ. ಅವನ ಕಫದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಕೋಲಾರದ ಚಿನ್ನವಿದ್ದದ್ದು ಬೆಣಚುಕಲ್ಲಿನಲ್ಲಿ. ಬಂಡೆಗೆ ತೂತು ಕೊರೆಯುವಾಗ, ಸಿಡಿಸುವಾಗ ಏಳುವ ಆ ಕಲ್ಲಿನ ಹುಡಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಅದು ಶ್ವಾಸಕೋಶದ ಆಳಕ್ಕೆ ಹೋಗಿ ನೆಲೆಸಿ, ಮೃದುವಾದ ಅಂಗಾಂಶವನ್ನು ಗಾಯದ ಕಲೆಯಂತೆ ಗಡುಸುಗೊಳಿಸುತ್ತದೆ. ಸಿಲಿಕೋಸಿಸ್ ಎನ್ನುವುದು ಇದನ್ನೇ. ಹೀಗೆ ಗಡುಸಾದ ಎದೆಗೆ ಕ್ಷಯ ಸುಲಭವಾಗಿ ತಗಲುತ್ತದೆ. ಕೊರೆಯುವಾಗ ನೀರು ಹಾಯಿಸಿದರೆ ಹುಡಿ ತಗ್ಗುತ್ತದೆ. ಒಮ್ಮೆ ಒಳಹೊಕ್ಕ ಹುಡಿಯನ್ನು ಹೊರತೆಗೆಯುವ ಔಷಧ ಮಾತ್ರ ಇಂದಿಗೂ ಇಲ್ಲ. ಬೊನ್‌ಮೋರ್ ಮುದುಕ ತನ್ನ ಮೈಯಲ್ಲಿ ಕಲ್ಲಿದ್ದಲು ತುಂಬಿಕೊಂಡಿದೆಯೆಂದು ಒಣನಗೆಯಾಡುತ್ತಾನೆ. ಚಿನ್ನದ ಗಣಿಗಾರನಿಗೆ ಆ ಹಾಸ್ಯದ ಅನುಕೂಲವೂ ಇರಲಿಲ್ಲ. ಅವನ ಎದೆಯಲ್ಲಿ ಉಳಿದದ್ದು ಚಿನ್ನವಲ್ಲ, ಕಲ್ಲು.

ಇದೇ ವ್ಯತ್ಯಾಸ ಇನ್ನೊಂದು ಕಡೆಯೂ ಎದ್ದು ಕಾಣುತ್ತದೆ. ಎತಿಯೆನ್‌ನಿಗೆ ಆಶ್ರಯ ಕೊಡುವ ಮಾಹ್ಯೂ ಕುಟುಂಬದ ಮನೆ ಕಂಪನಿ ಕಟ್ಟಿಸಿದ ವಸತಿಯಲ್ಲಿದೆ. ಆ ವಸತಿಗೆ ಊರ ಹೆಸರಿಲ್ಲ. ಇರುವುದು ಒಂದು ಸಂಖ್ಯೆ, ‘ಇನ್ನೂರನಲವತ್ತು’. ಸಾಲುಸಾಲು ಮನೆಗಳು, ನಡುವೆ ತೆಳುಗೋಡೆ. ಒಬ್ಬರ ಮನೆಯ ಮಾತು ಇನ್ನೊಬ್ಬರ ಮನೆಯಲ್ಲಿ ಕೇಳುತ್ತದೆ. ಕೋಲಾರದ ಗಣಿ ಕಾರ್ಮಿಕರ ‘ಲೈನು’ಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆ ಮನೆಯಲ್ಲಿ ಮುದುಕ, ಗಂಡ, ಹೆಂಡತಿ, ಏಳು ಮಕ್ಕಳು, ಒಟ್ಟು ಹತ್ತು ಬಾಯಿ. ಹಿಟ್ಟಿನ ಡಬ್ಬಿ ಬರಿದು, ಕಾಫಿ ತಳ ಕಂಡಿದೆ. ಆದರೆ ಒಲೆಯಲ್ಲಿ ಬೆಂಕಿ ಮಾತ್ರ ಧಾರಾಳ. ಕಂಪನಿ ಕೆಲಸಗಾರರಿಗೆ ಕಲ್ಲಿದ್ದಲನ್ನು ಕೊಡುತ್ತದೆ. ಅಂದರೆ ಗಂಡಸರು ನೆಲದಡಿಯಿಂದ ತೆಗೆದದ್ದರ ಒಂದು ಪಾಲು, ಕೀಳು ತರದ್ದಾದರೂ, ಹೆಂಗಸರ ಒಲೆಗೆ ಬರುತ್ತದೆ. ಕೋಲಾರದಲ್ಲಿ ಹಾಗೆ ಆಗುವಂತಿರಲಿಲ್ಲ. ಚಿನ್ನ ತೆಗೆಯುವವನ ಮೇಲೆ ಚಿನ್ನ ಕದ್ದಾನೆಂಬ ಗುಮಾನಿ ಸದಾ ಇತ್ತು. ಪಾಳಿ ಮುಗಿಸಿ ಹೊರಬರುವವನನ್ನು ತಪಾಸಣೆ ಮಾಡುತ್ತಿದ್ದರು; ಅದಿರಿನ ಚೂರು ಬಳಿಯಿದ್ದರೆ ಅದೇ ಅಪರಾಧ. ಬಹಳ ಬೆಲೆಯುಳ್ಳ ಲೋಹವನ್ನು ಕೈಯಾರೆ ತೆಗೆಯುವುದಕ್ಕೂ ಅದರ ನಿರುಪಯೋಗಿ ಹುಡಿಯನ್ನು ಮಾತ್ರ ಮನೆಗೆ ಒಯ್ಯುವುದಕ್ಕೂ ಇರುವ ಈ ಸಂಬಂಧ ಜೋಲಾನ ಕಣ್ಣಿಗೆ ಬಿದ್ದಿದ್ದರೆ ಅವನು ಏನು ಬರೆಯುತ್ತಿದ್ದನೋ!

ಆಳದ ಮಾತನ್ನೂ ಹೇಳಬೇಕು. ವೊರೋ ಗಣಿಯ ಆಳ ಐನೂರ ಐವತ್ತನಾಲ್ಕು ಮೀಟರು. ಮಾಹ್ಯೂ ಅಡ್ಡಮಲಗಿ ಗುದ್ದಲಿ ಹೊಡೆಯುವ ಕಡೆ ಶಾಖ ಮೂವತ್ತೈದು ಡಿಗ್ರಿ. ಮೇಲಿಂದ ನೀರಿನ ಹನಿಯೊಂದು ಬಿಡದೆ ಅವನ ಮುಖದ ಮೇಲೆಯೇ ಬೀಳುತ್ತದೆ. ಓದುಗ ನಡುಗುತ್ತಾನೆ. ಚಾಂಪಿಯನ್ ರೀಫ್ ಗಣಿ ಇಳಿದದ್ದು ಸುಮಾರು 3,200 ಮೀಟರು. ಅಂದರೆ ವೊರೋವಿನ ಐದಾರು ಪಟ್ಟು. ಆ ಆಳದಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿ ಮೀರಿತ್ತು. ತಣ್ಣನೆಯ ಗಾಳಿಯನ್ನು ಯಂತ್ರಗಳಿಂದ ಕೆಳಕ್ಕೆ ದೂಡದಿದ್ದರೆ ಮನುಷ್ಯ ಅಲ್ಲಿ ನಿಲ್ಲುವಂತಿರಲಿಲ್ಲ. ಅಷ್ಟು ಆಳದಲ್ಲಿ ಕಲ್ಲಿನ ಮೇಲೆ ಬೀಳುವ ಭಾರವೂ ಅಪಾರ. ನಡುವೆ ಟೊಳ್ಳು ಮಾಡಿದಾಗ ಒತ್ತಡ ತಾಳದೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಈ ಸಿಡಿತಗಳಾದಾಗ ಮೇಲಿನ ಮನೆಗಳಲ್ಲಿ ನೆಲ ನಡುಗುತ್ತಿತ್ತು, ಪಾತ್ರೆಗಳು ಅಲುಗುತ್ತಿದ್ದವು. ಆ ಕ್ಷಣ ಲೈನಿನ ಹೆಂಗಸರೆಲ್ಲ ಯಾವ ಪಾಳಿ ಕೆಳಗಿದೆಯೆಂದು ಮನದಲ್ಲೇ ಲೆಕ್ಕ ಹಾಕುತ್ತಿದ್ದರು.

ಇನ್ನು ಕಾದಂಬರಿಯ ಕಟ್ಟಡದ ಒಂದು ವಿಶೇಷ. ಮೊದಲ ಎರಡು ಭಾಗಗಳ ಹನ್ನೊಂದು ಅಧ್ಯಾಯಗಳಲ್ಲಿ ನಡೆಯುವುದು ಒಂದೇ ಒಂದು ದಿನ. ರಾತ್ರಿಯ ಕತ್ತಲಲ್ಲಿ ಎತಿಯೆನ್ ಬರುವುದರಿಂದ ಹಿಡಿದು ಅಂದಿನ ಸಂಜೆಯವರೆಗೆ. ಏಳುವುದು, ಬ್ರೆಡ್ಡಿನ ತುಂಡು ಕಟ್ಟಿಕೊಳ್ಳುವುದು, ಕೇಜಿನಲ್ಲಿ ಇಳಿಯುವುದು, ಅಗೆಯುವುದು, ಬಂದು ತೊಟ್ಟಿಯಲ್ಲಿ ಮೀಯುವುದು, ಯಾವುದನ್ನೂ ಜೋಲಾ ಬಿಡುವುದಿಲ್ಲ. ನನಗೆ ಮೊದಲು ಬೇಸರವೇ ಆಯಿತು. ಮೂರನೆಯ ಭಾಗಕ್ಕೆ ಬಂದಾಗ ತಿಂಗಳುಗಳು ಪುಟಗಳಲ್ಲಿ ಹಾರಿಹೋದವು. ಆಗ ಲೇಖಕನ ಉಪಾಯ ತಿಳಿಯಿತು. ಇಂಥ ಬಾಳಿನಲ್ಲಿ ಒಂದು ದಿನವನ್ನು ಪೂರ್ತಿಯಾಗಿ ಬಲ್ಲವನು ಎಲ್ಲ ದಿನಗಳನ್ನೂ ಬಲ್ಲ. ಬೇಸರ ಇಲ್ಲಿ ಶೈಲಿಯ ದೋಷವಲ್ಲ; ಅದು ವಸ್ತುವಿನ ಗುಣ.

ಆ ಒಂದು ದಿನದಲ್ಲಿಯೇ ಇನ್ನೊಂದು ಮನೆಯನ್ನೂ ಅವನು ತೋರಿಸುತ್ತಾನೆ. ಗ್ರೆಗ್ವಾರ್ ದಂಪತಿಗಳು ಕೆಟ್ಟವರಲ್ಲ. ಶಾಂತರು, ಮಿತವ್ಯಯಿಗಳು, ಮಗಳನ್ನು ಮುದ್ದಾಗಿ ಸಾಕಿದವರು. ಮುತ್ತಜ್ಜನೊಬ್ಬ ಒಂದು ಶತಮಾನದ ಹಿಂದೆ ಹತ್ತು ಸಾವಿರ ಫ್ರಾಂಕು ಹೂಡಿ ಕೊಂಡ ಗಣಿಯ ಒಂದು ಪಾಲಿನ ಲಾಭಾಂಶದಲ್ಲಿ ಅವರು ಬದುಕುತ್ತಾರೆ. ಅವರು ಗಣಿಗೆ ಇಳಿದವರಲ್ಲ. ಇಳಿಯಬೇಕೆಂದು ಹೊಳೆದದ್ದೂ ಇಲ್ಲ. ಮಾಹ್ಯೂನ ಹೆಂಡತಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಐದು ಫ್ರಾಂಕು ಬೇಡಲು ಬಂದಾಗ, ಕೈಗೆ ಹಣ ಕೊಡುವುದು ನಮ್ಮ ಪದ್ಧತಿಯಲ್ಲವೆಂದು ಹಳೆಯ ಬೆಚ್ಚನೆಯ ಬಟ್ಟೆಯನ್ನೂ ಸಿಹಿರೊಟ್ಟಿಯ ಎರಡು ತುಂಡುಗಳನ್ನೂ ಕೊಟ್ಟು ಕಳುಹಿಸುತ್ತಾರೆ. ಇಲ್ಲಿ ಜೋಲಾ ಒಂದು ಕಟುಮಾತನ್ನೂ ಆಡುವುದಿಲ್ಲ. ಆ ಮಕ್ಕಳು ರೊಟ್ಟಿಯ ತುಂಡುಗಳನ್ನು ಹಿಡಿದು ನಡೆಯುವುದನ್ನಷ್ಟೇ ಹೇಳುತ್ತಾನೆ. ಕೋಲಾರದ ಗಣಿಗಳನ್ನು 1880ರಿಂದ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಪಾಲುದಾರರು ಇಂಗ್ಲೆಂಡಿನ ಬೆಚ್ಚನೆಯ ಮನೆಗಳಲ್ಲಿದ್ದರು. ಅಲ್ಲಿಯೂ ಎಷ್ಟೋ ಮಂದಿ ಸಜ್ಜನ ಗ್ರೆಗ್ವಾರರು ಇದ್ದಿರಲೇಬೇಕು. ಗಣಿ ಯಾರದೆಂದು ಎತಿಯೆನ್ ಕೇಳಿದಾಗ ಬೊನ್‌ಮೋರ್ ಮುದುಕ ಕತ್ತಲಿನ ಒಂದು ದಿಕ್ಕಿಗೆ ಕೈ ತೋರುತ್ತಾನೆ. ಗುಡಿಯೊಳಗಿನ ಕಾಣದ ದೇವರನ್ನು ಕುರಿತು ಮಾತನಾಡುವವನಂತೆ ಅವನ ದನಿ ಬದಲಾಗುತ್ತದೆ. ಮಾರಿಕುಪ್ಪಂನ ಮುದುಕನನ್ನು ಆ ಕಾಲದಲ್ಲಿ ಕೇಳಿದ್ದರೂ ಕೈ ಹೀಗೆಯೇ ಏಳುತ್ತಿತ್ತು. ದಿಕ್ಕು ಪಶ್ಚಿಮದ ಸಮುದ್ರದ ಕಡೆಗೆ.

ಈಗ ಮುಷ್ಕರಕ್ಕೆ ಬರೋಣ. ಅದು ಏಕೆ ಹತ್ತಿಕೊಂಡಿತೆಂಬುದನ್ನು ಜೋಲಾ ತೋರಿಸುವ ರೀತಿ ನನಗೆ ಬಹಳ ಹಿಡಿಸಿತು. ಗಣಿಗಾರರಿಗೆ ಕೂಲಿ ತೊಟ್ಟಿಗಾಡಿಯ ಲೆಕ್ಕದಲ್ಲಿ. ಮೇಲ್ಛಾವಣಿ ಕುಸಿಯದಂತೆ ಮರದ ಊರೆ ಕೊಡಲು ತಗಲುವ ಹೊತ್ತಿಗೆ ಗಾಡಿ ತುಂಬುವುದಿಲ್ಲ. ಆದ್ದರಿಂದ ಅವರು ಊರೆಯನ್ನು ಅರೆಬರೆ ಮಾಡುತ್ತಾರೆ. ಅಪಾಯವೆಂದು ಎಂಜಿನಿಯರ್ ದಂಡ ಹಾಕುತ್ತಾನೆ. ಆಮೇಲೆ ಕಂಪನಿ ಹೊಸ ಕ್ರಮವನ್ನು ಸಾರುತ್ತದೆ: ಊರೆಗೆ ಬೇರೆ ಕೂಲಿ ಕೊಡಲಾಗುವುದು, ಗಾಡಿಯ ದರವನ್ನು ಅದಕ್ಕೆ ತಕ್ಕಂತೆ ಇಳಿಸಲಾಗುವುದು. ಮೇಲುನೋಟಕ್ಕೆ ಇದು ಕೆಲಸಗಾರರ ಪ್ರಾಣರಕ್ಷಣೆಗೆಂದೇ ಮಾಡಿದ್ದು. ಕೂಡಿಸಿ ಕಳೆದು ನೋಡಿದರೆ ಕೂಲಿಯ ಇಳಿತ. ಇದರ ಬೆನ್ನಿಗೆ ಗಣಿ ಕುಸಿದು ಒಬ್ಬ ಸಾಯುತ್ತಾನೆ, ಮಾಹ್ಯೂನ ಸಣ್ಣ ಮಗನ ಕಾಲುಗಳು ಮುರಿಯುತ್ತವೆ. ಡಿಸೆಂಬರಿನ ಚಳಿಯಲ್ಲಿ ಕೆಲಸ ನಿಲ್ಲುತ್ತದೆ. ದೊಡ್ಡ ಅನ್ಯಾಯವನ್ನು ತಲೆಮಾರುಗಳಿಂದ ಸಹಿಸಿದವರು ಒಂದು ಸಣ್ಣ ಲೆಕ್ಕದ ಎದುರು ಎದ್ದು ನಿಲ್ಲುತ್ತಾರೆ.

ಕೋಲಾರದಲ್ಲಿಯೂ ಹೀಗೆಯೇ ಆಯಿತು. 1930ರಲ್ಲಿ, ಗಣಿಗಳಲ್ಲಿ ಮಾನ್ಯತೆ ಪಡೆದ ಕಾರ್ಮಿಕ ಸಂಘವೇ ಇಲ್ಲದಿದ್ದ ಕಾಲದಲ್ಲಿ, ಸಾವಿರಾರು ಗಣಿಗಾರರು ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಕಾರಣ ಕೂಲಿಯಲ್ಲ, ಬೆರಳಚ್ಚು. ಕೆಲಸಗಾರರೆಲ್ಲರ ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮವನ್ನು ಕಂಪನಿಗಳು ತಂದವು. ಬೆರಳಚ್ಚು ತೆಗೆಯುವುದು ಕಳ್ಳರದ್ದು, ಕೈದಿಗಳದ್ದು ಎಂಬ ಭಾವನೆ ಒಂದು ಕಡೆ. ಒಂದು ಗಣಿಯಲ್ಲಿ ಕೆಲಸ ಹೋದವನನ್ನು ಇನ್ನೊಂದು ಗಣಿ ಗುರುತಿಸಿ ಬಾಗಿಲು ಮುಚ್ಚೀತೆಂಬ ಭಯ ಇನ್ನೊಂದು ಕಡೆ. ಇವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಹಳ್ಳಿಯ ಜೀತವನ್ನೂ ಜಾತಿಯ ಅವಮಾನವನ್ನೂ ಬಿಟ್ಟು ಬಂದವರು. ಬಿಟ್ಟು ಬಂದದ್ದು ಬೆರಳಿನ ಗುರುತಾಗಿ ಮತ್ತೆ ಬೆನ್ನು ಹತ್ತಿದಾಗ ಅವರು ಸಹಿಸಲಿಲ್ಲ. ಮುಂದೆ 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಇಲ್ಲಿಯ ಕಾರ್ಮಿಕರು ಬಲಿಯಾದರು. ಕನ್ನಡದಲ್ಲಿ ಇಂಥ ಹೋರಾಟವನ್ನು ಕಾದಂಬರಿಯಾಗಿಸಿದ್ದನ್ನು ಹುಡುಕುವಾಗ ನನಗೆ ನೆನಪಾಗುವುದು ನಿರಂಜನರ ‘ಚಿರಸ್ಮರಣೆ’. ಅದು ಕಾಸರಗೋಡಿನ ಕಯ್ಯೂರಿನ ರೈತರ ಕಥೆ. ಅದರ ನಾಯಕರು 1943ರಲ್ಲಿ ಗಲ್ಲಿಗೇರಿದ್ದನ್ನು ಓದುಗ ಮೊದಲೇ ಬಲ್ಲ. ಈಚೆಗೆ 2018ರಲ್ಲಿಯೂ 2022ರಲ್ಲಿಯೂ ಬಂದ ಚಲನಚಿತ್ರಗಳು ಗಣಿಯೂರಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಅವುಗಳ ಗಣಿ ದಂತಕಥೆಯ ಗಣಿ.

ಜೋಲಾನ ಮೆಚ್ಚಬೇಕಾದ ಗುಣವೆಂದರೆ ಅವನು ಮುಷ್ಕರದ ನಾಯಕನನ್ನೂ ಮನುಷ್ಯನಾಗಿಯೇ ನೋಡುತ್ತಾನೆ. ಎತಿಯೆನ್ ಅಲ್ಲಿಂದಿಲ್ಲಿಂದ ಪುಸ್ತಕ ತರಿಸಿ, ಅರ್ಧ ತಿಳಿದು ಅರ್ಧ ತಿಳಿಯದೆ ಓದುತ್ತಾನೆ. ಜನ ತನ್ನ ಮಾತು ಕೇಳತೊಡಗಿದಂತೆ ಒಳ್ಳೆಯ ಬಟ್ಟೆ, ಒಳ್ಳೆಯ ಬೂಟು ಕೊಳ್ಳುತ್ತಾನೆ. ನಾಲ್ಕನೆಯ ಭಾಗದ ಕೊನೆಯಲ್ಲಿ ಬೆಳದಿಂಗಳ ಕಾಡಿನಲ್ಲಿ ಹಸಿದ ಸಾವಿರಾರು ಜನರ ಮುಂದೆ ನಿಂತು ಮಾತನಾಡುವಾಗ ಅವನಿಗೆ ಸಿಗುವ ಸುಖ ನ್ಯಾಯದ್ದೆಷ್ಟು, ಅಧಿಕಾರದ್ದೆಷ್ಟು ಎಂಬುದನ್ನು ಲೇಖಕ ಬೇರ್ಪಡಿಸಿ ತೋರಿಸುತ್ತಾನೆ. ಆದರೆ ಅದರಿಂದ ಜನರ ಹಸಿವು ಸುಳ್ಳಾಗುವುದಿಲ್ಲ. ಅದೇ ಸಭೆಯಲ್ಲಿ ಬೊನ್‌ಮೋರ್ ಮುದುಕನೂ ಎದ್ದು ನಿಂತು, ತನ್ನ ಕಾಲದಲ್ಲಿಯೂ ಇದೇ ಕಾಡಿನಲ್ಲಿ ಸೇರಿ ಆಣೆಯಿಟ್ಟದ್ದನ್ನು, ಪ್ರತಿ ಸಲವೂ ಸೈನಿಕರು ಬಂದದ್ದನ್ನು ನೆನೆಯುತ್ತಾನೆ. ಯಾರೂ ಆ ನೆನಪಿನಿಂದ ಹಿಂಜರಿಯುವುದಿಲ್ಲ. ಅಲ್ಲಿಗೆ ನಾನು ಪುಸ್ತಕದಲ್ಲಿ ಗುರುತಿನ ಕಾಗದ ಇಟ್ಟಿದ್ದೇನೆ.

ಮುಂದೆ ಓದಲು ಏಕೋ ಕೈ ಬರುತ್ತಿಲ್ಲ. ಅದರ ಕಾರಣವನ್ನು ತಿಳಿಸಿದವರು ಲೈನಿನ ಒಬ್ಬ ಹಿರಿಯರು. ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ಒಂದು ಭಾನುವಾರ ಕಥೆಯನ್ನು ಅವರಿಗೆ ಹೇಳಿದೆ. ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು: “ಆ ಜನ ಗಣೀನ ಏನಂತ ಕರೀತಾರಪ್ಪಾ?” ನಾನೆಂದೆ: “ಮನುಷ್ಯರನ್ನು ನುಂಗೋ ಮೃಗ ಅಂತಾರೆ, ತಾತ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನುಂಗಿದ್ದು ನಿಜ. ನಮ್ಮಣ್ಣನ್ನೂ ನುಂಗ್ತು. ಆದ್ರೆ ಅದು ಬಾಯಿ ಮುಚ್ಚಿದ ಮೇಲೆ ನಮ್ಮ ಬಾಯಿಗೂ ಏನೂ ಬರಲಿಲ್ವಲ್ಲಪ್ಪಾ. ಅದೂ ನಮ್ಮಮ್ಮನೇ.”

ಈ ಎರಡು ಮಾತುಗಳೂ ಒಂದೇ ನಾಲಿಗೆಯ ಮೇಲೆ ಇರಬಲ್ಲವೆಂಬುದನ್ನು ಜೋಲಾ ಇದುವರೆಗೆ ನನಗೆ ಹೇಳಿಲ್ಲ. ಅವನ ಕಾದಂಬರಿಯಲ್ಲಿ ರೆಕಿಯಾರ್ ಎಂಬ ಪಾಳುಬಿದ್ದ ಗಣಿಯೊಂದಿದೆ. ಅಲ್ಲಿ ಹುಲ್ಲು ಬೆಳೆದಿದೆ, ತೊಲೆಗಳು ಕೊಳೆಯುತ್ತಿವೆ, ಕಾವಲಿಗೊಬ್ಬ ಮುದುಕ, ಸಂಜೆಯಾದರೆ ಊರಿನ ಪ್ರೇಮಿಗಳೆಲ್ಲ ಆ ಮರೆಗೆ ಬರುತ್ತಾರೆ. ಫ್ರೆಂಚ್ ಓದುಗನಿಗೆ ಅದು ಕಥೆಯ ಹಿನ್ನೆಲೆ ಮಾತ್ರ. ಮಾರಿಕುಪ್ಪಂನಲ್ಲಿ ಇಳಿಯುವವನಿಗೆ ಅದೇ ಮುನ್ನೆಲೆ. ಸುಮಾರು 120 ವರ್ಷಗಳಲ್ಲಿ ಇಲ್ಲಿಂದ ಹೊರಬಂದ ಚಿನ್ನ ಹತ್ತಿರ ಹತ್ತಿರ 800 ಟನ್ನು. ಊರಿಗೆ ಉಳಿದದ್ದು ಪುಡಿಗೈದ ಬಂಡೆಯ ಬೂದುಬಣ್ಣದ ಗುಡ್ಡಗಳು. ಬೇಸಗೆಯ ಗಾಳಿಗೆ ಅವುಗಳ ದೂಳು ಮನೆಗಳೊಳಕ್ಕೆ ಬರುತ್ತದೆ. ಕೊನೆಯ ವರ್ಷಗಳಲ್ಲಿ ಒಂದು ಟನ್ನು ಅದಿರಿಗೆ ಮೂರು ಗ್ರಾಂ ಆಸುಪಾಸು ಚಿನ್ನ ಸಿಗುತ್ತಿತ್ತು, ಖರ್ಚು ಹುಟ್ಟಲಿಲ್ಲ, ಮುಚ್ಚಿದರು. ಈ ಲೆಕ್ಕದಲ್ಲಿ ತಪ್ಪಿಲ್ಲ. ಊರೆಯ ಕೂಲಿಯ ಲೆಕ್ಕದಲ್ಲಿಯೂ, ನೋಡಿದರೆ, ಕೂಡುವ ಕಳೆಯುವ ತಪ್ಪಿರಲಿಲ್ಲ.

ಅರ್ಧ ಓದಿದ ಪುಸ್ತಕವನ್ನು ಕುರಿತು ಏಕೆ ಮಾತನಾಡಿದೆನೆಂದರೆ, ಇತಿಹಾಸವನ್ನು ನಾವು ಯಾವಾಗಲೂ ಕೊನೆಯ ಪುಟದಿಂದ ಓದುತ್ತೇವೆ. ಗೆದ್ದರೋ ಸೋತರೋ ಎಂಬುದು ತಿಳಿದ ಮೇಲೆ ಅವರ ಧೈರ್ಯವನ್ನು ಜಾಣತನವೆಂದೋ ಮೂರ್ಖತನವೆಂದೋ ತೀರ್ಮಾನಿಸುವುದು ಸುಲಭ. ಕಾಡಿನ ಬೆಳದಿಂಗಳಲ್ಲಿ ನಿಂತವರಿಗೆ, 1930ರಲ್ಲಿ ಬೆರಳು ಮುಂದೆ ಚಾಚದೆ ನಿಂತವರಿಗೆ, ಮುಂದಿನ ಪುಟ ಗೊತ್ತಿರಲಿಲ್ಲ. ಈ ನಾಲ್ಕು ಭಾಗಗಳ ಕೊನೆಯಲ್ಲಿ ನಾನೂ ಅವರ ಪಕ್ಕದಲ್ಲಿ, ಅವರಷ್ಟೇ ತಿಳಿಯದವನಾಗಿ ನಿಂತಿದ್ದೇನೆ. ಓದು ಮುಗಿದರೆ ಈ ಜಾಗ ಕೈತಪ್ಪುತ್ತದೆ.

ಜೋಲಾ 1902ರಲ್ಲಿ ತೀರಿಕೊಂಡಾಗ ಅವನ ಶವಯಾತ್ರೆಗೆ ಗಣಿಗಾರರ ತಂಡವೊಂದು ಪ್ಯಾರಿಸಿಗೆ ಬಂದು, ದಾರಿಯುದ್ದಕ್ಕೂ ಈ ಪುಸ್ತಕದ ಹೆಸರನ್ನೇ ಕೂಗುತ್ತ ನಡೆಯಿತಂತೆ. ಅದೇ ವರ್ಷ ಶಿವನಸಮುದ್ರದಿಂದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದು ಬಂದಿತ್ತು. ಆ ಗಣಿಗಾರರು ಕೂಗಿದ ಹೆಸರಿನಲ್ಲಿ ಯಾವ ಮೊಳಕೆಯಿತ್ತೆಂಬುದನ್ನು ತಿಳಿಯಲು ಉಳಿದ ಮೂರು ಭಾಗಗಳನ್ನು ಓದಲೇಬೇಕು. ನಾಳೆ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ ದಾಟುವಷ್ಟರಲ್ಲಿ ಐದನೆಯ ಭಾಗವನ್ನು ತೆರೆಯುತ್ತೇನೆ. ಮುಗಿದ ಮೇಲೆ ತಾತನಿಗೂ ಹೇಳಬೇಕಾಗಿದೆ. ಅವರು ಕೇಳುತ್ತಲೇ ಇದ್ದಾರೆ.